ಖಾಲಿ ಊರಿನ ಬಸ್ಸು

ಡಿಪೋದಲ್ಲಿ ಅವನನ್ನು ಎಲ್ಲರೂ ಮೆಲ್ಲಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತೇಳು ವರ್ಷ ನಗರದ ಬಸ್ಸು ಓಡಿಸಿದವನು. ಯಾರು ಅವಸರ ಮಾಡಿದರೂ "ಮೆಲ್ಲಗೆ, ಮೆಲ್ಲಗೆ" ಅನ್ನುವುದು ಅವನ ಬಾಯಿಗೆ ಅಂಟಿಕೊಂಡ ಮಾತು. ವಯಸ್ಸಾದವರು ಮೊದಲು ಬಂದ ಬಸ್ಸನ್ನು ಬಿಟ್ಟು ಅವನ ಬಸ್ಸಿಗೆ ಕಾಯುತ್ತಿದ್ದರು. ಅವರು ಕೂತು, ಚೀಲವನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಳ್ಳುವವರೆಗೆ ಅವನು ಗೇರ್ ಹಾಕುತ್ತಿರಲಿಲ್ಲ.

ಅಂಥವನ ಬಲಗಾಲು ಒಂದು ಮಂಗಳವಾರ ಬ್ರೇಕಿನ ಮೇಲೆ ಕೂತುಬಿಟ್ಟಿತು.

ನಡೆದದ್ದು ಇಷ್ಟೇ. ಬ್ರೆಡ್ ಕಾರ್ಖಾನೆಯ ತಿರುವಿನಲ್ಲಿ, ಬೆಳಗಿನ ಎಂಟೂಕಾಲಿಗೆ, ಸೈಕಲ್ ಹಿಡಿದು ನಿಂತಿದ್ದ ಒಬ್ಬ ಹೆಂಗಸು ಫುಟ್‌ಪಾತಿನಿಂದ ಇಳಿದಳು. ಅವನು ಬ್ರೇಕ್ ಹಾಕಿದ. ಬಸ್ಸು ಅವಳಿಂದ ಒಂದು ಗೇಣು ದೂರದಲ್ಲಿ ನಿಂತಿತು. ಅವಳು ಹೆದರಿ ಕೆಳಗೆ ಬಿದ್ದಳು, ಮೊಣಕೈ ತರಚಿತು. ಎದ್ದು ಬಟ್ಟೆ ಕೊಡವಿಕೊಂಡು, "ನಂದೇ ತಪ್ಪು, ನೋಡ್ಲಿಲ್ಲ" ಎಂದು ಹೇಳಿ, ಸೈಕಲ್ ತಳ್ಳಿಕೊಂಡು ಹೊರಟೇಹೋದಳು. ದೂರು ಇಲ್ಲ, ಪೊಲೀಸ್ ಇಲ್ಲ. ಬಸ್ಸಿನೊಳಗೆ ಯಾರದೋ ಊಟದ ಡಬ್ಬಿ ಉರುಳಿದ್ದು ಬಿಟ್ಟರೆ ಯಾರಿಗೂ ಯಾವ ನಷ್ಟವೂ ಆಗಿರಲಿಲ್ಲ.

ಆದರೆ ಅವನ ನೆನಪಿನಲ್ಲಿ ಆ ಹೆಂಗಸು ಮೊದಲು ಫುಟ್‌ಪಾತಿನ ಮೇಲಿದ್ದಳು, ಆಮೇಲೆ ಬಸ್ಸಿನ ಮುಂದಿದ್ದಳು. ನಡುವೆ ಏನೂ ಇರಲಿಲ್ಲ. ಎಷ್ಟು ಹುಡುಕಿದರೂ ಆ ನಡುವಿನ ಜಾಗ ಕೈಗೆ ಸಿಗುತ್ತಿರಲಿಲ್ಲ. ಒಬ್ಬಳು ಹಾಗೆ ಬಂದಳೆಂದ ಮೇಲೆ ಯಾರು ಬೇಕಾದರೂ ಹಾಗೆಯೇ ಬರಬಹುದು. ಮಾರನೆಯ ದಿನ ಅವನು ಅಂಗಡಿ ಬಾಗಿಲಲ್ಲಿ ನಿಂತವನಿಗೂ ಬಸ್ಸು ನಿಲ್ಲಿಸಿದ, ಗಾಳಿಗೆ ಎದ್ದ ಕಾಗದದ ಚೀಲಕ್ಕೂ ನಿಲ್ಲಿಸಿದ. ಹದಿನೆಂಟು ನಿಮಿಷದ ದಾರಿಗೆ ಐವತ್ತು ನಿಮಿಷ ಹಿಡಿಯಿತು.

"ಡ್ರೈವರ್ ಸಾಹೇಬ್ರೇ, ಇಳಿದು ತಳ್ಳೋಣ್ವಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ಬಸ್ಸೆಲ್ಲ ನಕ್ಕಿತು. ಅವನ ಅಂಗಿಯ ಬೆನ್ನು ಸೀಟಿಗೆ ಅಂಟಿಕೊಂಡಿತ್ತು.

ವಾರದೊಳಗೆ ಅವನನ್ನು ಸ್ಟೀರಿಂಗಿನಿಂದ ಇಳಿಸಿ, ಪ್ರಯಾಣಿಕರು ಬಿಟ್ಟುಹೋದ ಸಾಮಾನಿನ ಕೋಣೆಯಲ್ಲಿ ಕೂರಿಸಿದರು. ಗೋಡೆಗೆ ಒರಗಿಸಿದ ಕೊಡೆಗಳು, ಒಂಟಿ ಚಪ್ಪಲಿಗಳು, ಯಾರದೋ ಕನ್ನಡಕ. ನಾಲ್ಕು ತಿಂಗಳು ಅವನು ಅವುಗಳಿಗೆ ಚೀಟಿ ಅಂಟಿಸಿದ. ಆಮೇಲೆ, ಮೊದಲ ದಿನ ಅವನಿಗೆ ಬಸ್ಸು ಕಲಿಸಿದ್ದ ಹಳೆಯ ತರಬೇತುದಾರರೇ ಬಂದು ಬಾಗಿಲಲ್ಲಿ ನಿಂತರು.

"ಆರು ವಾರ ಕೊಡ್ತಾರಂತೆ. ಆಮೇಲೆ ರಸ್ತೆ ಮೇಲೆ ಪರೀಕ್ಷೆ. ಪಾಸಾದ್ರೆ ನಿನ್ನ ರೂಟು ನಿನಗೆ. ಇಲ್ಲಾಂದ್ರೆ ರಿಟೈರ್ ಆಗೋವರೆಗೂ ಇದೇ ಕೊಡೆ, ಇದೇ ಚಪ್ಪಲಿ." ಆಮೇಲೆ ಮೆತ್ತಗೆ ಹೇಳಿದರು: "ನಿಧಾನಕ್ಕೂ ನಿಲ್ಲೋದಕ್ಕೂ ವ್ಯತ್ಯಾಸ ಇದೆ ಕಣಪ್ಪ."

ಕಂಪ್ಯೂಟರಿನ ಯೋಚನೆ ಬಂದದ್ದು ತಂಗಿಯ ಮಗಳಿಗೆ. ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಯಲ್ಲಿ ಅವಳ ಕೆಲಸ. ಚಿಕ್ಕವಳಿದ್ದಾಗ ಮನೆಯ ಗಡಿಯಾರ, ರೇಡಿಯೊ, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಬಿಚ್ಚಿ ಹರಡಿದ್ದರಿಂದ ಮನೆಯವರು ಅವಳಿಗಿಟ್ಟ ಹೆಸರು ರಿಪೇರಿ.

"ಬಸ್ಸು ಓಡಿಸೋ ಆಟ ಇದೆ ಮಾವ. ಊರು, ಸಿಗ್ನಲ್ಲು, ಸ್ಟಾಪು ಎಲ್ಲಾ ಇದೆ. ದಿನಾ ಎರಡು ಗಂಟೆ ಕೂತ್ಕೊಳ್ಳಿ. ಅಲ್ಲಿ ಗುದ್ದಿದ್ರೂ ಯಾರೂ ಸಾಯಲ್ಲ."

ಕೊನೆಯ ಮಾತಿಗೆ ಅವನ ಮುಖ ಬಿಳಿಚಿಕೊಂಡಿತು. ಅವಳು ನಾಲಗೆ ಕಚ್ಚಿಕೊಂಡಳು.

ದುಡ್ಡು ಹೆಂಡತಿಯದು. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆಯ ಚಾದರಗಳನ್ನು ಮಡಿಸುವವಳು. ಎಡಗಡೆಯ ಎರಡು ದವಡೆಹಲ್ಲು ಹೋಗಿ ಮೂರು ವರ್ಷವಾಗಿತ್ತು. ಕಟ್ಟಿಸಿಕೊಳ್ಳಲೆಂದು ಎಂಬತ್ತು ಸಾವಿರ ಕೂಡಿಟ್ಟಿದ್ದಳು. ಲಕೋಟೆಯನ್ನು ಮೇಜಿನ ಮೇಲಿಟ್ಟು, "ಬಲಗಡೆ ಹಲ್ಲು ಗಟ್ಟಿಯಾಗೇ ಇದೆ, ಅದ್ರಲ್ಲೇ ಅಗೀತೀನಿ" ಎಂದಳು. "ಆದ್ರೆ ಇದರ ಮೇಲೆ ಒಂದು ಕಾಸು ಕೇಳ್ಬೇಡಿ. ಇಲ್ಲ."

ಅಂಗಡಿ ಇದ್ದದ್ದು ವಿದ್ಯುತ್ ಸಾಮಾನುಗಳದೇ ಒಂದು ಇಕ್ಕಟ್ಟಾದ ಬೀದಿಯಲ್ಲಿ. ಗಾಜಿನ ಕೌಂಟರಿನ ಮೇಲೆ ರಿಪೇರಿ ಒಂದೊಂದೇ ಡಬ್ಬವನ್ನು ತಂದು ಸಾಲಾಗಿ ಇಟ್ಟಳು. ಹೊಸ ರಟ್ಟಿನ ವಾಸನೆ. ಬೆಳ್ಳಿ ಬಣ್ಣದ ಚೀಲದೊಳಗೆ ಹಸಿರು ಹಲಗೆಗಳು. ಮೆಲ್ಲಣ್ಣನಿಗೆ ಇವು ಯಾವುವೂ ಗೊತ್ತಿರಲಿಲ್ಲ. ಆದರೆ ಬಸ್ಸನ್ನು ಡಿಪೋದಿಂದ ಹೊರಡಿಸುವ ಮೊದಲು ಅದರ ಸುತ್ತ ಒಂದು ಸುತ್ತು ಬಂದು, ಪ್ರತಿಯೊಂದನ್ನೂ ಮುಟ್ಟಿ, ಇದು ಕೈಕೊಟ್ಟರೆ ಏನಾಗುತ್ತದೆ ಎಂದು ಕೇಳಿಕೊಳ್ಳುವುದು ಇಪ್ಪತ್ತೇಳು ವರ್ಷದ ಅಭ್ಯಾಸ. ಅದೇ ಪ್ರಶ್ನೆಯನ್ನು ಇಲ್ಲಿಗೂ ತಂದ.

"ಇದು ಪ್ರೊಸೆಸರ್. ಲೆಕ್ಕಾಚಾರ ಎಲ್ಲಾ ಇದೇ ಮಾಡೋದು."

"ಕೈಕೊಟ್ರೆ?"

"ಯಂತ್ರ ಏಳೋದೇ ಇಲ್ಲ."

"ಸರಿ, ಒಳ್ಳೇದೇ ಹಾಕು. ಇದು?"

"ಪವರ್ ಸಪ್ಲೈ. ಎಲ್ಲಕ್ಕೂ ಕರೆಂಟ್ ಹಂಚುತ್ತೆ. ತೀರಾ ಅಗ್ಗದ್ದಾದ್ರೆ ಹೊಗೆ ಬರಬಹುದು, ಮಿಕ್ಕಿದ್ದನ್ನೂ ಸುಟ್ಕೊಂಡು ಹೋಗಬಹುದು."

ಅವನು ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಅಂಗಡಿಯಲ್ಲಿದ್ದ ಅತಿ ಭಾರದ ಪವರ್ ಸಪ್ಲೈಯನ್ನೇ ಎತ್ತಿ ತೂಗಿ ನೋಡಿ ಕೌಂಟರಿನ ಮೇಲಿಟ್ಟ. "ಇಷ್ಟು ದೊಡ್ಡದು ಬೇಕಾಗಿಲ್ಲ ಮಾವ" ಎಂದರೂ ಕೇಳಲಿಲ್ಲ. ಇವೆಲ್ಲ ಕೂರುವ ಮುಖ್ಯ ಹಲಗೆ, ಮೆಮೊರಿ, ಆಟವನ್ನು ಉಳಿಸಿಡುವ ಡ್ರೈವ್, ಹೊರಗಿನ ಪೆಟ್ಟಿಗೆ ಎಲ್ಲ ಸೇರಿ ನಲವತ್ತೆರಡು ಸಾವಿರವಾಯಿತು. ಪರದೆಗೆ ಮನೆಯ ಟಿವಿಯೇ ಸಾಕು. ಉಳಿದದ್ದು ಮೂವತ್ತೆಂಟು.

ಅದಕ್ಕೆ ಎರಡು ದಾರಿ ಇದ್ದವು. ಒಂದು, ಇಪ್ಪತ್ತೇಳು ಸಾವಿರದ ಗ್ರಾಫಿಕ್ಸ್ ಕಾರ್ಡ್, ಅದರ ಜೊತೆಗೆ ಪ್ಲಾಸ್ಟಿಕ್ ಪೆಡಲ್ಲಿನ ಒಂದು ಸಾಧಾರಣ ಸ್ಟೀರಿಂಗ್. ಇನ್ನೊಂದು, ಮೂವತ್ತು ಸಾವಿರದ ದೊಡ್ಡ ಸ್ಟೀರಿಂಗ್. ತಿರುವಿನಲ್ಲಿ ಅದು ನಿಜವಾದ ಚಕ್ರದಂತೆಯೇ ಕೈಯನ್ನು ಎಳೆಯುತ್ತದೆ. ಅದರ ಪಕ್ಕದಲ್ಲಿ ಎಂಟು ಸಾವಿರದ ಕಬ್ಬಿಣದ ಬ್ರೇಕ್ ಪೆಡಲ್ ಇತ್ತು. ಮೆಲ್ಲಣ್ಣ ಅದನ್ನು ನೆಲದ ಮೇಲಿಟ್ಟು ಒತ್ತಿದ. ಅದು ಗಟ್ಟಿಯಾಗಿ ಎದುರು ಒತ್ತಿತು. ನಾಲ್ಕು ತಿಂಗಳಿಂದ ಬಿಗಿದುಕೊಂಡಿದ್ದ ಅವನ ಭುಜ ಸ್ವಲ್ಪ ಇಳಿಯಿತು.

"ಕಾರ್ಡು ಏನು ಮಾಡುತ್ತೆ?"

"ಚಿತ್ರ ಬಿಡಿಸುತ್ತೆ."

"ಅದು ಕೈಕೊಟ್ರೆ?"

"ಇಲ್ಲದೇ ಇದ್ರೂ ಪ್ರೊಸೆಸರ್ ಒಳಗೇ ಚಿಕ್ಕದೊಂದು ಇರುತ್ತೆ. ಚಿತ್ರ ಒರಟಾಗಿ ಬರುತ್ತೆ, ತಡೆದು ತಡೆದು ಬರುತ್ತೆ. ಆದ್ರೆ ಮಾವ, ಆಟಕ್ಕೆ ಅಂತ ಕಟ್ಟೋ ಕಂಪ್ಯೂಟರ್‌ನಲ್ಲಿ ಮೊದಲು ಕಾರ್ಡು, ಆಮೇಲೆ ಮಿಕ್ಕಿದ್ದು."

"ಅಂದ್ರೆ ಕಾಣೋದು ಸ್ವಲ್ಪ ಕಮ್ಮಿ, ಅಷ್ಟೇ ತಾನೆ? ಬ್ರೇಕ್ ಇಲ್ದಿದ್ರೆ ಪ್ರಾಣವೇ ಹೋಗುತ್ತಲ್ಲೇ."

"ಆಟದಲ್ಲಿ ಯಾರ ಪ್ರಾಣ ಮಾವ?"

ಅವನು ಬ್ರೇಕ್ ಪೆಡಲ್ಲನ್ನು ಮಗುವಿನಂತೆ ಎದೆಗೆ ಅವಚಿಕೊಂಡು ನಿಂತಿದ್ದ. ಅಂಗಡಿಯ ಮಾಲೀಕ ಕನ್ನಡಕದ ಮೇಲಿನಿಂದ ನೋಡಿ, "ಇದಕ್ಕಿಂತ ಒಂದು ಹಳೇ ಬಸ್ಸೇ ತಗೊಳ್ಳಿ ಅಣ್ಣ, ಸಸ್ತಾ ಆಗುತ್ತೆ" ಎಂದ. ಹದಿನೈದು ದಿನದೊಳಗೆ ಬೇಕಾದರೆ ಬದಲಾಯಿಸಿಕೊಡುವುದಾಗಿ ರಶೀದಿಯ ಹಿಂದೆ ಬರೆದುಕೊಟ್ಟ.

ಕಿಟಕಿಯ ಪಕ್ಕದ ಮೇಜಿನ ಮೇಲೆ ರಿಪೇರಿ ಎಲ್ಲವನ್ನೂ ಜೋಡಿಸಿದಳು. ಆಟ ಶುರುವಾದಾಗ ಊರು ಜೋಲಿ ಹೊಡೆಯುತ್ತಾ ಬಂತು. ಅವಳು ಒಂದೊಂದೇ ಭಾರ ಇಳಿಸಿದಳು. ನೆರಳುಗಳನ್ನು ತೆಗೆದಳು, ಮರಗಳನ್ನು ತೆಗೆದಳು. ಜನಸಂದಣಿ ಎಂಬ ಕಡೆ ಸೊನ್ನೆಯಿಂದ ನೂರರವರೆಗೆ ಒಂದು ಗೆರೆ ಇತ್ತು. ಅದರ ಗುಂಡಿಯನ್ನು ಸೊನ್ನೆಗೆ ಎಳೆದಳು. ಕೂಡಲೇ ರಸ್ತೆ ನುಣ್ಣಗೆ ಹರಿಯತೊಡಗಿತು.

ಮೆಲ್ಲಣ್ಣ ಹತ್ತು ದಿನ ಓಡಿಸಿದ. ಡಿಪೋದಿಂದ ಬಂದವನೇ ಕೈಕಾಲು ತೊಳೆದು ಕೂರುತ್ತಿದ್ದ. ಸ್ಟೀರಿಂಗ್ ಅಂಗೈಯನ್ನು ಎಳೆಯುತ್ತಿತ್ತು, ಬ್ರೇಕ್ ಪಾದವನ್ನು ಹಿಡಿದುಕೊಳ್ಳುತ್ತಿತ್ತು. ಒಂದು ಸಲವೂ ಅವನು ಸುಮ್ಮಸುಮ್ಮನೆ ನಿಲ್ಲಲಿಲ್ಲ. ಪ್ರತಿ ಸ್ಟಾಪಿನಲ್ಲಿ ಗೆರೆಗೆ ಸರಿಯಾಗಿ ನಿಲ್ಲಿಸಿ, ಬಾಗಿಲು ತೆರೆದು, ಹತ್ತು ಎಣಿಸಿ, ಮುಚ್ಚಿ ಹೊರಡುತ್ತಿದ್ದ. ಹತ್ತನೆಯ ದಿನ ಮೆಲ್ಲಗೆ ಶಿಳ್ಳೆ ಕೂಡ ಹಾಕಿದ.

ಹನ್ನೊಂದನೆಯ ದಿನ ರಜೆ. ಮಧ್ಯಾಹ್ನ ಹೆಂಡತಿ ಎರಡು ಲೋಟ ಚಹಾ ಹಿಡಿದು ಬಂದು ಹಿಂದಿನ ಸ್ಟೂಲಿನ ಮೇಲೆ ಕೂತಳು. "ಒಂದು ಟಿಕೆಟ್ ಕೊಡಿ" ಎಂದು ನಗೆಯಾಡಿದಳು. ಎರಡು ಸ್ಟಾಪು ಕಳೆಯಿತು, ಮೂರು ಕಳೆಯಿತು. ಚಹಾ ಅವಳ ಕೈಯಲ್ಲೇ ಉಳಿದಿತ್ತು.

"ರೀ."

"ಹೂಂ."

"ಸ್ಟಾಪಲ್ಲಿ ಬಾಗಿಲು ತೆಗೀತೀರಲ್ಲ, ಯಾರು ಹತ್ತುತ್ತಾರೆ?"

ಅವನ ಕೈ ತಡೆಯಿತು.

"ಈ ಊರಲ್ಲಿ ಎಲ್ಲರಿಗೂ ಏನಾಗಿದೆ?" ಎಂದಳು ಅವಳು, ತಗ್ಗಿದ ದನಿಯಲ್ಲಿ. "ಅಂಗಡಿ ತೆಗೆದಿದೆ, ಒಳಗೆ ಯಾರೂ ಇಲ್ಲ. ದೀಪ ಹತ್ತಿದೆ, ಕಿಟಕಿಯಲ್ಲಿ ಯಾರೂ ಇಲ್ಲ. ನನಗೆ ಭಯ ಆಗ್ತಿದೆ ನೋಡೋಕೆ. ಆಸ್ಪತ್ರೇಲಿ ಒಂದೊಂದು ಸಲ ಇಡೀ ವಾರ್ಡು ಖಾಲಿಯಾಗಿ ಚಾದರ ಎಲ್ಲಾ ಒಂದೇ ದಿನ ಬರುತ್ತೆ. ಹಾಗಿದೆ ಇದು."

ಬಸ್ಸು ನಡುರಸ್ತೆಯಲ್ಲಿ ನಿಂತಿತ್ತು. ಅವನು ಪರದೆಯನ್ನು ಮೊದಲ ಸಲ ನೋಡುವವನಂತೆ ನೋಡಿದ. ಮರವಿಲ್ಲದ, ನೆರಳಿಲ್ಲದ ಬೀದಿ. ಹತ್ತು ದಿನ ತಾನು ಇದರೊಳಗೆ ಓಡಾಡಿದ್ದ, ಶಿಳ್ಳೆ ಕೂಡ ಹಾಕಿದ್ದ.

"ಮೊದಲು ರಸ್ತೆ ಸರಿಹೋಗ್ಲಿ, ಆಮೇಲೆ ಜನ" ಎಂದ.

"ಪರೀಕ್ಷೆಗೆ ಎಷ್ಟು ದಿನ ಇದೆ?"

ಮೂರೂವರೆ ವಾರ ಇತ್ತು. ಅವನು ಗುಂಡಿಯನ್ನು ಹತ್ತಕ್ಕೆ ಎಳೆದ.

ಊರು ಮತ್ತೆ ಜೋಲಿ ಹೊಡೆಯತೊಡಗಿತು. ಅಲ್ಲೊಬ್ಬರು ಇಲ್ಲೊಬ್ಬರು ಕಾಣಿಸಿಕೊಂಡರು. ಮುಖವಿರಲಿಲ್ಲ, ಮಸುಕಾದ ಬಣ್ಣದ ಬೊಂಬೆಗಳು. ಅವನು ಮೆಲ್ಲಗೆ ಹೊರಟ. ತಿರುವಿನಲ್ಲಿ ಬೂದು ಅಂಗಿಯ ಒಬ್ಬ ಫುಟ್‌ಪಾತಿನ ಮೇಲಿದ್ದ. ಪರದೆ ಒಮ್ಮೆ ತಡವರಿಸಿತು. ಬೂದು ಅಂಗಿಯವನು ಬಸ್ಸಿನ ಮುಂದಿದ್ದ.

ನಡುವೆ ಏನೂ ಇರಲಿಲ್ಲ.

ಕುರ್ಚಿ ಹಿಂದಕ್ಕೆ ಬಿದ್ದ ಸದ್ದು ಪಕ್ಕದ ಮನೆಗೂ ಕೇಳಿಸಿತು. ಹೆಂಡತಿ ಬಚ್ಚಲುಮನೆಯ ಬಾಗಿಲು ತಟ್ಟಿದಾಗ ಅವನು ಒಳಗೆ ನಲ್ಲಿ ಬಿಟ್ಟುಕೊಂಡು ನಿಂತಿದ್ದ. ಬಲಗಾಲು ತೊಡೆಯಿಂದ ಕೆಳಕ್ಕೆ ನಡುಗುತ್ತಿತ್ತು, ಬೇರೆ ಯಾರದೋ ಕಾಲಿನಂತೆ.

ಆಮೇಲೆ ಮೂರು ದಿನ ಅವನು ಆ ಕೋಣೆಗೆ ಹೋಗಲಿಲ್ಲ. ಟಿವಿಯ ಮೇಲೆ ಹೆಂಡತಿ ಆಸ್ಪತ್ರೆಯ ಒಂದು ಹಳೆಯ ಚಾದರ ಹೊದಿಸಿದಳು; ಅದನ್ನು ಬಾಗಿಲಿನಿಂದಲೇ ನೋಡಿ ಇನ್ನೂ ಹೆದರಿ ಅವನೇ ತೆಗೆಸಿದ. ಕೊಡೆಗಳೇ ತನ್ನ ಪಾಲಿಗೆ ಬಂದದ್ದು ಎಂದು ಮನಸ್ಸು ಒಪ್ಪಿಕೊಳ್ಳುತ್ತಾ ಬಂದಿತ್ತು. ಹದಿನಾಲ್ಕನೆಯ ಸಂಜೆ ರಿಪೇರಿ ಬಂದು, ಏನೂ ಕೇಳದೆ ಯಂತ್ರ ಹಚ್ಚಿ, ಪರದೆಯ ಮೂಲೆಯಲ್ಲಿ ಒಂದು ಅಂಕಿ ಕಾಣುವಂತೆ ಮಾಡಿದಳು. ಹನ್ನೊಂದು.

"ನೋಡಿ ಮಾವ. ಜನ ಬಂದಾಗ ಇದು ಸೆಕೆಂಡಿಗೆ ಹನ್ನೊಂದು ಚಿತ್ರ ಬಿಡಿಸ್ತಿದೆ, ತಡವರಿಸಿದಾಗ ಅದೂ ಇಲ್ಲ. ಬೇಕಾಗಿರೋದು ಅರವತ್ತು. ಅತ್ತೆ ಹೇಳಿದ ಆ ಮನುಷ್ಯ ಹಾರಿ ಬರ್ಲಿಲ್ಲ. ತಲೆ ತಿರುಗಿಸಿದ, ಕಾಲೆತ್ತಿದ, ಇಳಿದ. ನಡುವಿನ ಚಿತ್ರ ಬಿಡಿಸೋಕೆ ಇದಕ್ಕೆ ಶಕ್ತಿ ಇಲ್ಲ, ಅಷ್ಟೇ. ಕಾರ್ಡ್ ಇದ್ರೆ ಅವನು ಬರೋದು ಕಾಣುತ್ತೆ."

ಅವನು ಆ ಅಂಕಿಯನ್ನು ಬೆರಳಿನಿಂದ ಮುಟ್ಟಿದ.

"ಕೈಕೊಟ್ರೆ ಏನಾಗುತ್ತೆ ಅಂತ ಎಲ್ಲದಕ್ಕೂ ಕೇಳಿದ್ನಲ್ಲೇ" ಎಂದ. "ಕಣ್ಣಿನ ವಿಷಯಕ್ಕೆ ಮಾತ್ರ 'ಅಷ್ಟೇ ತಾನೆ' ಅಂದ್ಬಿಟ್ಟೆ."

"ನಾನೂ ಜನಾನ ಸೊನ್ನೆಗಿಟ್ಟೆ. ನಿಮ್ಮ ಮುಖ ನೋಡೋಕಾಗದೆ. ಇಬ್ಬರೂ ಸೇರಿ ಯಾರೂ ಬಾರದ ರಸ್ತೆಗೆ ಕಂಪ್ಯೂಟರ್ ಕಟ್ಟಿದ್ವಿ."

ಮಾರನೆಯ ದಿನ ಬದಲಾಯಿಸಿಕೊಳ್ಳಲು ಕೊನೆಯ ದಿನ. ಮಾಲೀಕ ಸ್ಟೀರಿಂಗನ್ನು ಬೆಳಕಿಗೆ ಹಿಡಿದು ನೋಡಿದ. "ಹೇಗೆ ಹಿಡ್ಕೊಂಡಿದ್ದೀರಿ ಅಣ್ಣ ಇದನ್ನ? ಹತ್ತು ವರ್ಷ ಓಡಿಸಿದ ಹಾಗೆ ಮೆರುಗೇ ಹೋಗಿದೆ. ಎರಡು ಸಾವಿರ ಮುರ್ಕೊಳ್ತೀನಿ."

ಉಳಿದದ್ದು ಮೂವತ್ತಾರು. ಇಪ್ಪತ್ತೇಳು ಕಾರ್ಡಿಗೆ ಹೋದರೆ ಒಂಬತ್ತು. ಒಂಬತ್ತಕ್ಕೆ ಬರುವುದು ಅಂಗಡಿಯಲ್ಲಿದ್ದ ಅತಿ ಚಿಕ್ಕ ಸ್ಟೀರಿಂಗ್, ಆಟಿಕೆಯಂಥ ಎರಡು ಪೆಡಲ್. ಕಬ್ಬಿಣದ ಬ್ರೇಕ್ ವಾಪಸು ಕೊಡದೆ ಲೆಕ್ಕ ಕೂಡುವುದಿಲ್ಲ. ಅದು ಇನ್ನೂ ಮೆಲ್ಲಣ್ಣನ ಕಂಕುಳಲ್ಲೇ ಇತ್ತು.

"ಬ್ರೇಕ್ ಇರ್ಲಿ" ಎಂದ ಅವನು. "ಕಾರ್ಡೇ ಸ್ವಲ್ಪ ಚಿಕ್ಕದು ನೋಡು."

"ಅದರ ಕೆಳಗಿನ ಕಾರ್ಡಿಗೆ ಜನಸಂದಣಿ ಗುಂಡಿ ಮೂವತ್ತು ದಾಟಿಸೋಕಾಗಲ್ಲ ಮಾವ. ಬೆಳಗ್ಗೆ ಎಂಟೂಕಾಲಿಗೆ ನಿಮ್ಮ ರೂಟಲ್ಲಿ ಎಷ್ಟು ಜನ ಇರ್ತಾರೆ?"

ಅಂಗಡಿಯಲ್ಲಿ ಬೇರೆ ಗಿರಾಕಿಗಳು ಕಾಯುತ್ತಿದ್ದರು. ಬ್ರೇಕ್ ಬಿಟ್ಟುಕೊಟ್ಟು ಮನೆಗೆ ಹೋಗುವುದೆಂದರೆ ಇಳಿಜಾರಿನಲ್ಲಿ ಕಾಲೆತ್ತಿದ ಹಾಗೆ. ಕಂಕುಳು ಬೆವರಿ ಕಬ್ಬಿಣ ಜಾರತೊಡಗಿತು. ಜಾರಿ ಬೀಳುವ ಮೊದಲು ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಕೌಂಟರಿನ ಮೇಲೆ ಇಟ್ಟ. ಮಾಲೀಕ ಎಳೆದುಕೊಂಡಾಗಲೂ ಎರಡು ಬೆರಳು ಅದರ ಮೇಲೇ ಇದ್ದವು.

ಮನೆಯಲ್ಲಿ ಕಾರ್ಡನ್ನು ಹಲಗೆಗೆ ಕೂರಿಸುತ್ತಾ ರಿಪೇರಿ, "ಇದು ಕರೆಂಟ್ ಜಾಸ್ತಿ ಕುಡಿಯುತ್ತೆ. ನೀವು ಹೊಗೆಗೆ ಹೆದರಿ ದೊಡ್ಡ ಪವರ್ ಸಪ್ಲೈ ತಗೊಂಡಿದ್ರಿಂದ ಬಚಾವ್. ಒಂದು ಭಯ ಆದ್ರೂ ಲಾಭಕ್ಕೆ ಬಂತು" ಎಂದಳು. ಹೆಂಡತಿ ನಕ್ಕಳು. ಅವನು ನಗಲಿಲ್ಲ. ರಿಪೇರಿ ಹೋದ ಮೇಲೆ, ಕೋಣೆಯಲ್ಲಿ ತಾನೊಬ್ಬನೇ ಇರುವಾಗ, ಗುಂಡಿಯನ್ನು ನೂರಕ್ಕೆ ಎಳೆದ. ಎಳೆದು ಕಣ್ಣು ಮುಚ್ಚಿಕೊಂಡ.

ಕಣ್ಣು ತೆರೆದಾಗ ಊರು ತುಂಬಿತ್ತು. ಮರಗಳಿದ್ದವು, ಮರದ ಕೆಳಗೆ ನೆರಳಿತ್ತು, ನೆರಳಿನಲ್ಲಿ ಜನರಿದ್ದರು. ಕಾಯುವವರು, ಬೆನ್ನು ತಿರುಗಿಸಿದವರು, ಓಡುವವರು, ಫುಟ್‌ಪಾತಿನ ತುದಿಯಲ್ಲಿ ಹೆಬ್ಬೆರಳಿಟ್ಟು ನಿಂತವರು. ಒಬ್ಬೊಬ್ಬರೂ ಅವನಿಗೆ ಒಂದೊಂದು ಅಪಾಯ. ಮೊದಲ ದಿನ ಅವನು ಮುಂದೆ ಹೋದದ್ದು ಒಂದು ಸ್ಟಾಪು. ಎರಡನೆಯ ದಿನ ಎರಡು. ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಹಗುರವಾದ ಪೆಡಲ್ಲಿನ ಮೇಲೆ ಪಾದ ಊರಲು ಏನೂ ಇರಲಿಲ್ಲ. ಒತ್ತಿದರೆ ಗಾಳಿಯನ್ನು ಒತ್ತಿದಂತೆ. ಹಾಗಾಗಿ ಅವನು ನೋಡಲೇಬೇಕಾಯಿತು.

ಎರಡನೆಯ ವಾರದಲ್ಲಿ ಅವನಿಗೆ ಒಂದು ಸಂಗತಿ ಕಾಣತೊಡಗಿತು. ಯಾರೂ ಸುಮ್ಮನೆ ಇಳಿಯುವುದಿಲ್ಲ. ಇಳಿಯುವ ಮೊದಲು ಭುಜ ತಿರುಗುತ್ತದೆ. ಭುಜಕ್ಕೂ ಮೊದಲು ತಲೆ. ಹಿಮ್ಮಡಿ ಮೇಲೇಳುತ್ತದೆ. ಅಷ್ಟರೊಳಗೆ ತನ್ನ ಕಾಲು ಆಗಲೇ ಆಕ್ಸಿಲರೇಟರಿನಿಂದ ಎದ್ದಿರುತ್ತದೆ. ಅವನು ಹೇಳಿ ಎಬ್ಬಿಸಿದ್ದಲ್ಲ. ಇಪ್ಪತ್ತೇಳು ವರ್ಷದ ಕಾಲು ತಾನಾಗಿಯೇ ಎದ್ದಿರುತ್ತದೆ.

ಒಂದು ಸಂಜೆ ಚಿಕ್ಕ ಸ್ಟೀರಿಂಗ್ ಹಿಡಿದು ಕೂತಿದ್ದಾಗಲೇ ಆ ಮಂಗಳವಾರದ ಹೆಂಗಸು ನೆನಪಿಗೆ ಬಂದಳು. ಸೈಕಲ್ಲಿನ ಹಿಡಿಗೆ ನೀಲಿ ಚೀಲ ತೂಗುಹಾಕಿದ್ದಳು. ಚೀಲ ಒಂದು ಕಡೆಗೆ ವಾಲಿತು, ಅವಳು ಅದನ್ನು ನೋಡಲು ತಲೆ ಬಗ್ಗಿಸಿದಳು, ಮುಂದಿನ ಚಕ್ರ ಇಳಿಯಿತು, ಆಮೇಲೆ ಕಾಲು. ಅದು ನಿಜಕ್ಕೂ ನೆನಪಾದದ್ದೋ, ಪರದೆ ಕಲಿಸಿಕೊಟ್ಟದ್ದೋ ಅವನಿಗೆ ತಿಳಿಯಲಿಲ್ಲ. ಹೆಂಡತಿಗೂ ಹೇಳಲಿಲ್ಲ. ನೀಲಿ ಚೀಲವನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತ.

ಪರೀಕ್ಷೆಯ ದಿನ ತರಬೇತುದಾರರು ಪಕ್ಕದಲ್ಲಿ ನಿಂತಿದ್ದರು. ನಿಜವಾದ ಬ್ರೇಕ್ ಪಾದಕ್ಕೆ ಎಷ್ಟು ಗಟ್ಟಿಯಾಗಿ ಸಿಕ್ಕಿತೆಂದರೆ ಅವನಿಗೆ ಅದರ ಮೇಲೇ ನಿಂತುಬಿಡುವ ಆಸೆಯಾಯಿತು. ಬ್ರೆಡ್ ಕಾರ್ಖಾನೆಯ ತಿರುವಿನಲ್ಲಿ, ಬೇಯುವ ಹಿಟ್ಟಿನ ವಾಸನೆಯ ನಡುವೆ, ಫುಟ್‌ಪಾತಿನ ತುದಿಯಲ್ಲಿ ಒಬ್ಬ ಮುದುಕ ಇದ್ದ. ಮೆಲ್ಲಣ್ಣ ಅವನ ತಲೆ ನೋಡಿದ. ಭುಜ ನೋಡಿದ. ಹಿಮ್ಮಡಿ ನೆಲದಲ್ಲೇ ಇತ್ತು. ಬಸ್ಸು ನಡಿಗೆಯ ವೇಗದಲ್ಲಿ ಅವನನ್ನು ದಾಟಿತು. ನಿಲ್ಲಲಿಲ್ಲ.

"ಇನ್ನೂ ಸ್ವಲ್ಪ ಸ್ಪೀಡಾಗಿ ಹೋಗಬಹುದಿತ್ತು" ಎಂದರು ತರಬೇತುದಾರರು, ಹಾಳೆಯ ಮೇಲೆ ಏನೋ ಗುರುತು ಹಾಕುತ್ತಾ.

"ಮೆಲ್ಲಗೆ" ಎಂದ ಅವನು.

ಒಂದು ತಿಂಗಳು ನೋಡೋಣವೆಂದು ರೂಟು ವಾಪಸು ಕೊಟ್ಟರು. ಮೊದಲ ದಿನದ ಕೆಲಸ ಮುಗಿಸಿ ಬಸ್ಸನ್ನು ಡಿಪೋದಲ್ಲಿ ನಿಲ್ಲಿಸಿದ ಮೇಲೂ ಅವನಿಗೆ ಕೂಡಲೇ ಇಳಿಯಲಾಗಲಿಲ್ಲ. ಬಲಗಾಲು ನಡುಗುತ್ತಿತ್ತು. ಅಂಗೈಯನ್ನು ಮಂಡಿಯ ಮೇಲಿಟ್ಟು, ಅದು ತಾನಾಗಿ ನಿಲ್ಲುವವರೆಗೆ ಕಾದ. ನಾಳೆಯೂ ಇಷ್ಟೇ ನಡುಗುತ್ತದೆ ಎಂದು ಅವನಿಗೆ ಗೊತ್ತಿತ್ತು.

ಮನೆಯಲ್ಲಿ ಹೆಂಡತಿ ಬಲಗಡೆಯ ಹಲ್ಲಿನಲ್ಲಿ ಏನನ್ನೋ ನಿಧಾನವಾಗಿ ಅಗಿಯುತ್ತಾ ಕೂತಿದ್ದಳು. ಅವನ ಒದ್ದೆ ಬೆನ್ನನ್ನು ನೋಡಿದಳು.

"ಯಾರಾದ್ರೂ ಹತ್ತಿದ್ರಾ?" ಎಂದಳು.

"ಹತ್ತಿದ್ರು" ಎಂದ, ಚಪ್ಪಲಿ ಬಿಡುತ್ತಾ. "ಕಾಲಿಡೋಕೆ ಜಾಗ ಇರ್ಲಿಲ್ಲ."